ಅನಿಲದ ದಾಸ್ತಾನೂ ಜನರ ಕ್ಷೇಮವೂ

ಊರು ಕಟ್ಟಿ ಮುಗಿದ ಮೇಲೆ ಅದಕ್ಕೆ ನಿಯಮಗಳನ್ನು ತೊಡಿಸುವುದು ಎಷ್ಟು ಕಷ್ಟವೆಂಬುದನ್ನು ಬೆಂಗಳೂರು ಪಟ್ಟಣವು ನಮಗೆ ದಿನಂಪ್ರತಿ ತೋರಿಸಿಕೊಡುತ್ತಲಿದೆ. ಊರು ಏಳುವುದಕ್ಕೆ ಮುಂಚೆಯೇ ನಿಯಮಗಳನ್ನು ಗೊತ್ತುಮಾಡಿಕೊಳ್ಳುವ ಅವಕಾಶವಾದರೋ ಅಪರೂಪವಾಗಿ ದೊರೆಯತಕ್ಕದ್ದು. ಅಂತಹ ಅವಕಾಶವೊಂದು ರಾಮನಗರ ತಾಲ್ಲೂಕು ಬಿಡದಿ ಹೋಬಳಿಯ ಬೈರಮಂಗಲದ ಪ್ರಾಂತ್ಯಕ್ಕೆ ಒದಗಿದೆ. ಅಡುಗೆಗೂ ಕೈಗಾರಿಕೆಗೂ ಇಂದು ಎಲ್ಲೆಡೆಯೂ ಬಳಕೆಯಲ್ಲಿರುವ ದ್ರವೀಕೃತ ಪೆಟ್ರೋಲಿಯಂ ಅನಿಲವನ್ನು, ಎಂದರೆ ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಅನಿಲಗಳ ಮಿಶ್ರಣವನ್ನು, ಶಾಲೆ, ಸಂತೆ, ಬಸ್ಸು ನಿಲ್ದಾಣ, ದೇವಸ್ಥಾನ, ಆಸ್ಪತ್ರೆ ಮೊದಲಾದ ಜನರು ನೆರೆಯುವ ಸ್ಥಳಗಳ ಸಮೀಪದಲ್ಲಿ ಎಷ್ಟು, ಎಲ್ಲಿ, ಹೇಗೆ ಕೂಡಿಡಬಹುದು ಎಂಬ ಪ್ರಶ್ನೆಯನ್ನು ಈ ಪ್ರಾಂತ್ಯವನ್ನು ಮುಂದಿಟ್ಟುಕೊಂಡು ನಮ್ಮ ವಾಚಕರೂ ಅಧಿಕಾರಿವರ್ಗದವರೂ ವಿಚಾರಮಾಡಬೇಕೆಂದು ನಾವು ಬಯಸುತ್ತೇವೆ.

ಬೈರಮಂಗಲವು ಬಿಡದಿಯಿಂದ ಹಾರೋಹಳ್ಳಿಗೆ ಹೋಗುವ ದಾರಿಯಲ್ಲಿದೆ. ದಾರಿಯ ಈ ತುದಿಯಲ್ಲಿ ಬಿಡದಿಯ ಕೈಗಾರಿಕಾ ಪ್ರದೇಶ, ಆ ತುದಿಯಲ್ಲಿ ಹಾರೋಹಳ್ಳಿಯ ಕೈಗಾರಿಕಾ ಪ್ರದೇಶ. ನಡುವೆ ವೃಷಭಾವತಿಗೆ ಕಟ್ಟಿದ ಕೆರೆ, ಅದರ ಅಚ್ಚುಕಟ್ಟು, ಹಳ್ಳಿಗಳು. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯವರು ಬಿಡದಿಗೆ ಬಂದ ತರುವಾಯ ಈ ಸೀಮೆಯ ಮುಖವೇ ಬದಲಾಯಿತು. 2006ರ ಸುಮಾರಿನಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು, ನಂದಗುಡಿ ಎಂಬ ಐದು ಕಡೆಗಳಲ್ಲಿ ಉಪನಗರಗಳನ್ನು ಕಟ್ಟಬೇಕೆಂಬ ಯೋಜನೆ ಹುಟ್ಟಿತು. ಅದು ಬಹುಕಾಲ ಮಲಗಿದ್ದು, 2025ರಲ್ಲಿ ಬೈರಮಂಗಲ ಮತ್ತು ಕಂಚುಗಾರನಹಳ್ಳಿ ಪಂಚಾಯತಿಗಳ ಸಾವಿರಾರು ಎಕರೆ ಭೂಮಿಯನ್ನು ಕುರಿತ ಪ್ರಾಥಮಿಕ ಅಧಿಸೂಚನೆಯ ರೂಪದಲ್ಲಿ ಮತ್ತೆ ಎದ್ದು ಬಂತು. ಭೂಮಿಯನ್ನು ಬಿಡಲೊಲ್ಲೆವೆಂದು ರೈತರಲ್ಲಿ ಬಹುಮಂದಿ ಧರಣಿ ಕುಳಿತರು. ಆ ವಿವಾದದ ನ್ಯಾಯಾನ್ಯಾಯಗಳನ್ನು ನಾವು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಯೋಜಿಸಿದ ನಗರವು ಬರಲಿ, ಬಾರದಿರಲಿ, ಜನವಂತೂ ಬರುತ್ತಲಿದೆ. ಜನರ ಹಿಂದೆ ಹೋಟೆಲು, ಕಲ್ಯಾಣಮಂಟಪ, ಬಾಡಿಗೆ ಕೋಣೆಗಳು ಬರುತ್ತಲಿವೆ. ಅವೆಲ್ಲವುಗಳ ಹಿಂದೆ ಅನಿಲದ ಸಿಲಿಂಡರೂ ಬರುತ್ತಲಿದೆ.

ಅನಿಲದ ಉಪಕಾರವೂ ಸ್ವಭಾವವೂ

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುವುದು ಅವಶ್ಯ. ನಾವು ಈ ಅನಿಲದ ವಿರೋಧಿಗಳಲ್ಲ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣೂ ಶ್ವಾಸಕೋಶವೂ ಬೆಂದುಹೋಗುತ್ತಿದ್ದ ನಮ್ಮ ತಾಯಂದಿರಿಗೆ ಇದು ಮಾಡಿರುವ ಉಪಕಾರ ಸಾಮಾನ್ಯವಾದುದಲ್ಲ. 1965ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯವರು ಕಲ್ಕತ್ತೆಯಲ್ಲಿ ಇಂಡೇನ್ ಹೆಸರಿನ ಮೊದಲ ಸಂಪರ್ಕವನ್ನು ಕೊಟ್ಟಾಗ ಇದು ಪಟ್ಟಣದ ಶ್ರೀಮಂತರ ಸಾಧನವಾಗಿತ್ತು. 2016ರ ಮೇ 1ರಂದು ಬಲಿಯಾದಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದೀಚೆಗೆ ಬಡವರ ಗುಡಿಸಲಿನಲ್ಲಿಯೂ ಇದರ ಒಲೆ ಉರಿಯುತ್ತಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಯಾವ ವಸ್ತುವು ಎಲ್ಲರ ಮನೆಗೂ ಬರುವುದೋ ಅದರ ಸ್ವಭಾವವು ಎಲ್ಲರಿಗೂ ತಿಳಿದಿರಬೇಕು. ನಮ್ಮಲ್ಲಿ ವಸ್ತುವು ಮುಂದೆ ಬಂದಿದೆ, ತಿಳಿವಳಿಕೆಯು ಹಿಂದೆ ಉಳಿದಿದೆ.

ಈ ಅನಿಲವು ಸಹಜಸ್ಥಿತಿಯಲ್ಲಿ ದ್ರವವಲ್ಲ. ಶುದ್ಧವಾದ ಪ್ರೊಪೇನ್ ಸೊನ್ನೆಗಿಂತ ಕೆಳಗೆ 42 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿದು ಆವಿಯಾಗುವುದು. ಒತ್ತಡದಿಂದ ಅದುಮಿ ಉಕ್ಕಿನ ಪಾತ್ರೆಯಲ್ಲಿ ಬಂಧಿಸಿದ್ದರಿಂದ ಮಾತ್ರ ಅದು ದ್ರವವಾಗಿದೆ. ಬಂಧನವು ಸಡಿಲಿದೊಡನೆಯೇ ಒಂದು ಲೀಟರು ದ್ರವವು ಸುಮಾರು 250 ಲೀಟರು ಅನಿಲವಾಗಿ ಹರಡುವುದು. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಇದು ಬೆರೆತರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುವುದು. ಮನೆಬಳಕೆಯ ಒಂದು ಸಿಲಿಂಡರಿನಲ್ಲಿರುವ 14.2 ಕಿಲೋಗ್ರಾಮು ಅನಿಲವು ಪೂರ್ತಿಯಾಗಿ ಸೋರಿದರೆ, ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರವುಳ್ಳ ಹತ್ತು ಕೋಣೆಗಳ ಗಾಳಿಯನ್ನು ಹೊತ್ತಿಕೊಳ್ಳುವಂತೆ ಮಾಡಬಲ್ಲುದೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ವಾಚಕರು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳುವುದಕ್ಕೆಲ್ಲ ಇದೇ ಆಧಾರ.

ಇನ್ನೊಂದು ಗುಣವು ಇದಕ್ಕಿಂತಲೂ ಮುಖ್ಯವಾದದ್ದು. ಈ ಅನಿಲವು ಗಾಳಿಗಿಂತ ಭಾರ. ಪ್ರೊಪೇನ್ ಒಂದೂವರೆ ಪಾಲು, ಬ್ಯುಟೇನ್ ಎರಡು ಪಾಲು. ಆದಕಾರಣ ಅದು ಹೊಗೆಯಂತೆ ಮೇಲಕ್ಕೆ ಏರಿ ಹೋಗುವುದಿಲ್ಲ. ನೀರಿನಂತೆ ತಗ್ಗನ್ನು ಹುಡುಕಿಕೊಂಡು ಹರಿಯುವುದು. ಚರಂಡಿ, ನೆಲಮಾಳಿಗೆ, ಬಾವಿ, ಮೆಟ್ಟಿಲಿನ ಕೆಳಗಣ ಸಂದು ಇವುಗಳಲ್ಲಿ ಹೋಗಿ ನಿಲ್ಲುವುದು. ಸೋರಿದ ಸ್ಥಳ ಒಂದು, ಹೊತ್ತಿಕೊಳ್ಳುವ ಸ್ಥಳ ಮತ್ತೊಂದು ಆಗುವುದು ಈ ಕಾರಣದಿಂದಲೇ. ಈ ಅನಿಲಕ್ಕೆ ತನ್ನದೆಂಬ ವಾಸನೆಯಿಲ್ಲ. ಸೋರಿಕೆಯು ಮೂಗಿಗೆ ತಿಳಿಯಲೆಂದೇ ದುರ್ವಾಸನೆಯ ದ್ರವ್ಯವನ್ನು ಬೆರೆಸಿರುತ್ತಾರೆ. ಆದರೆ ನಿದ್ರಿಸುವವರ ಮೂಗು ಎಚ್ಚರಿಸಲಾರದು.

ನಡೆದುಹೋದ ಅನಾಹುತಗಳು

ಇದಕ್ಕೆ ದೃಷ್ಟಾಂತವನ್ನು ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ಲಿನ ಬಳಿ, ದೇವಸ್ಥಾನದ ಕಟ್ಟಡವೊಂದರಲ್ಲಿ ಅಯ್ಯಪ್ಪನ ಮಾಲೆ ಧರಿಸಿದ ಒಂಬತ್ತು ಮಂದಿ ರಾತ್ರಿ ಮಲಗಿದ್ದರು. ಅವರು ಮಲಗಿದ್ದ ಕೋಣೆಯಲ್ಲಿ ಸಿಲಿಂಡರು ಸೋರಿ, ಅನಿಲಕ್ಕೆ ಬೆಂಕಿ ತಗುಲಿತು. ಒಂಬತ್ತು ಮಂದಿಯೂ ಬೆಂದರು. ಕೆಲವು ದಿನಗಳೊಳಗೆ ಒಬ್ಬರ ಹಿಂದೆ ಒಬ್ಬರಂತೆ ಎಂಟು ಮಂದಿ ತೀರಿಕೊಂಡರು. ಒಬ್ಬ ಬಾಲಕನು ಉಳಿದನು. ಇದಕ್ಕೆ ದೊಡ್ಡ ಟ್ಯಾಂಕು ಬೇಕಾಗಲಿಲ್ಲ, ಕಾರ್ಖಾನೆ ಬೇಕಾಗಲಿಲ್ಲ. ಜನರು ಮಲಗುವ ಕೋಣೆಯಲ್ಲಿ ಅನಿಲವನ್ನು ಇಡಕೂಡದೆಂಬ ಒಂದು ಸರಳ ನಿಯಮವು ಆ ಕಟ್ಟಡದಲ್ಲಿ ನಡೆಯುತ್ತಿದ್ದಿದ್ದರೆ ಎಂಟು ಮನೆಗಳ ದೀಪ ಆರುತ್ತಿರಲಿಲ್ಲ.

ದೊಡ್ಡ ಪ್ರಮಾಣದ ಅನರ್ಥವನ್ನೂ ನಮ್ಮ ಕರಾವಳಿ ಕಂಡಿದೆ. 2012ರ ಆಗಸ್ಟ್ 27ರ ರಾತ್ರಿ ಕಣ್ಣೂರಿನ ಸಮೀಪ ಚಾಲ ಎಂಬಲ್ಲಿ ಅನಿಲದ ಟ್ಯಾಂಕರು ಉರುಳಿ, ಇಪ್ಪತ್ತು ಮಂದಿ ಸತ್ತರು. ಏಳೆಂಟು ತಿಂಗಳು ಕಳೆಯುವಷ್ಟರಲ್ಲಿ, 2013ರ ಏಪ್ರಿಲ್ 9ರಂದು, ಮಂಗಳೂರಿನಿಂದ ಬೆಂಗಳೂರಿಗೆ ಹೊರಟ ಟ್ಯಾಂಕರು ಉಪ್ಪಿನಂಗಡಿಯ ಹತ್ತಿರ ಪೆರ್ನೆಯಲ್ಲಿ ಉರುಳಿತು. ರಸ್ತೆಯ ಪಕ್ಕದ ಮನೆಗಳಲ್ಲಿ ತಮ್ಮ ಪಾಡಿಗೆ ತಾವಿದ್ದವರು ಬೆಂದು ಸತ್ತರು. ಇವುಗಳಿಂದ ಪಾಠ ಕಲಿಯಲಿಲ್ಲವೆಂದು ಹೇಳುವಂತಿಲ್ಲ. ಮಂಗಳೂರಿನಿಂದ ಹಾಸನ, ಮೈಸೂರುಗಳ ಮಾರ್ಗವಾಗಿ ನಮ್ಮ ನೆರೆಯ ಸೋಲೂರಿನವರೆಗೆ ನೆಲದೊಳಗೆ ಕೊಳವೆ ಹಾಕಿ ಅನಿಲವನ್ನು ತರುವ ಏರ್ಪಾಡು ನಡೆದಿದೆ. ಕೊಳವೆಯಲ್ಲಿ ಬಂದಷ್ಟು ಅನಿಲವು ಘಟ್ಟದ ರಸ್ತೆಯನ್ನು ತುಳಿಯುವುದಿಲ್ಲ. ಹೀಗೆ ದೂರಪ್ರಯಾಣದ ಅಪಾಯವನ್ನು ತಗ್ಗಿಸುವುದಕ್ಕೆ ನಮ್ಮವರಿಗೆ ಬುದ್ಧಿಯೂ ಹಣವೂ ಒದಗಿದವು. ಆದರೆ ಸೋಲೂರಿನಿಂದ ಹೊರಟ ಸಿಲಿಂಡರು ಕೊನೆಗೆ ಯಾವ ಬೀದಿಯಲ್ಲಿ, ಯಾವ ಗೋಡೆಯ ಮಗ್ಗುಲಲ್ಲಿ ನಿಲ್ಲುವುದು ಎಂಬುದನ್ನು ನೋಡತಕ್ಕವರು ಯಾರು?

ಪರದೇಶದ ಒಂದು ನಿದರ್ಶನವನ್ನು ಮಾತ್ರ ಹೇಳಲೇಬೇಕು, ಏಕೆಂದರೆ ಅದು ಬೈರಮಂಗಲಕ್ಕೆ ನೇರವಾಗಿ ಅನ್ವಯಿಸತಕ್ಕದ್ದು. ಮೆಕ್ಸಿಕೋ ನಗರದ ಹೊರವಲಯದ ಸಾನ್ ಹ್ವಾನ್ ಇಕ್ಷುವಾಟೆಪೆಕ್ ಎಂಬಲ್ಲಿ ಅನಿಲದ ದೊಡ್ಡ ಉಗ್ರಾಣವಿತ್ತು. ಅದನ್ನು ಕಟ್ಟಿದಾಗ ಸುತ್ತಲೂ ಬಹುಮಟ್ಟಿಗೆ ಬಯಲು. ಕಾಲಕ್ರಮದಲ್ಲಿ ಬಡವರು ಬಂದು ಆ ಬಯಲಿನಲ್ಲಿ ಮನೆಗಳನ್ನು ಕಟ್ಟಿಕೊಂಡರು, ತಡೆಯುವವರು ಇರಲಿಲ್ಲ. 1984ರ ನವೆಂಬರ್ 19ರಂದು ಬೆಳಗಿನ ಜಾವ ಅನಿಲವು ಸೋರಿ, ಹೊತ್ತಿ, ಟ್ಯಾಂಕುಗಳು ಒಂದರ ಹಿಂದೆ ಒಂದು ಸಿಡಿದವು. ಸುಮಾರು ಐನೂರು ಮಂದಿ ಸತ್ತರು. ಇದಾದ ಎರಡೇ ವಾರಗಳಲ್ಲಿ ನಮ್ಮ ಭೋಪಾಲದ ದುರಂತವು ಸಂಭವಿಸಿತು. ಎರಡು ಕಡೆಗಳಲ್ಲಿಯೂ ಸತ್ತವರಲ್ಲಿ ಬಹುಪಾಲು ಮಂದಿ ಕಾರ್ಖಾನೆಯ ಕೆಲಸದವರಲ್ಲ, ಗೋಡೆಯಾಚೆ ಮಲಗಿದ್ದವರು. ಉಗ್ರಾಣವನ್ನು ಊರಿನಿಂದ ದೂರ ಕಟ್ಟಿದರೆ ಸಾಲದು, ಊರು ಉಗ್ರಾಣದ ಬಳಿಗೆ ಬಾರದಂತೆಯೂ ನೋಡಿಕೊಳ್ಳಬೇಕು ಎಂಬುದೇ ಇದರ ಪಾಠ.

ಅಪಾಯದ ವಸ್ತುವನ್ನು ಜನರ ನಡುವೆ ಇಡುವುದರ ಫಲ ಅನಿಲ ಒಂದಕ್ಕೇ ಸೇರಿದ್ದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಹತ್ತಿಯನ್ನೂ ಸಿಡಿಮದ್ದನ್ನೂ ಒಂದೇ ಹಡಗಿನಲ್ಲಿ ತುಂಬಿದ್ದರಿಂದ ಬಂದರೇ ಸಿಡಿದು, ನೂರಾರು ಜನರು ಸತ್ತರು. 2015ರ ಸೆಪ್ಟೆಂಬರ್ 12ರಂದು ಮಧ್ಯಪ್ರದೇಶದ ಪೇಟ್ಲಾವಾದದಲ್ಲಿ ಹೋಟೆಲಿನ ಪಕ್ಕದ ಕಟ್ಟಡದಲ್ಲಿ ಬಂಡೆ ಒಡೆಯುವ ಮದ್ದನ್ನು ಕೂಡಿಟ್ಟಿದ್ದರಿಂದ ಎಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಮೊದಲಿಗೆ ಎಲ್ಲರೂ ಅದನ್ನು ಸಿಲಿಂಡರಿನ ಕೃತ್ಯವೆಂದೇ ತಿಳಿದಿದ್ದರು. ಪಕ್ಕದ ಗೋಡೆಯ ಒಳಗೆ ಏನಿದೆಯೆಂಬುದು ನೆರೆಯವನಿಗೂ ತಿಳಿಯದು, ಊರಿನ ಅಧಿಕಾರಿಗೂ ತಿಳಿಯದು. ಇದೇ ಎಲ್ಲ ಕಡೆಗಳಲ್ಲಿಯೂ ಅನರ್ಥದ ಮೂಲ.

ಕಾಯಿದೆಯಲ್ಲಿ ಇರುವುದೂ ಇಲ್ಲದಿರುವುದೂ

ಹಾಗಾದರೆ ನಮ್ಮಲ್ಲಿ ಕಾಯಿದೆಗಳಿಲ್ಲವೇ ಎಂದು ಕೇಳಬಹುದು. ಇವೆ, ಬೇಕಾದಷ್ಟು ಇವೆ. 1884ರ ಸಿಡಿಮದ್ದುಗಳ ಕಾಯಿದೆಯ ಕೆಳಗೆ 2016ರಲ್ಲಿ ಅನಿಲ ಸಿಲಿಂಡರುಗಳ ನಿಯಮಗಳನ್ನೂ, ದೊಡ್ಡ ಟ್ಯಾಂಕುಗಳಿಗಾಗಿ ಒತ್ತಡದ ಪಾತ್ರೆಗಳ ನಿಯಮಗಳನ್ನೂ ಹೊಸದಾಗಿ ಮಾಡಿದ್ದಾರೆ. ಟ್ಯಾಂಕು ದೊಡ್ಡದಾದಂತೆಲ್ಲ ಕಟ್ಟಡಗಳಿಂದ ಅದಕ್ಕಿರಬೇಕಾದ ದೂರವೂ ಹೆಚ್ಚಬೇಕೆಂದು ಅಲ್ಲಿ ವಿಧಿಸಿದೆ. ಸಿಲಿಂಡರನ್ನು ಗಾಳಿಯಾಡುವ, ತಂಪಾದ ಸ್ಥಳದಲ್ಲಿ, ಬೆಂಕಿಯಿಂದ ದೂರವಾಗಿ, ಮಲಗಿಸದೆ ನೆಟ್ಟಗೆ ನಿಲ್ಲಿಸಿ ಇಡಬೇಕೆಂದಿದೆ. 2000ದ ಅನಿಲ ಸರಬರಾಜಿನ ಆಜ್ಞೆಯು ಮನೆಬಳಕೆಯ ಸಿಲಿಂಡರನ್ನು ಹೋಟೆಲಿನಲ್ಲಿ ಬಳಸುವುದನ್ನು ನಿಷೇಧಿಸಿದೆ. ಭೋಪಾಲದ ತರುವಾಯ ಬಂದ 1989ರ ನಿಯಮಗಳು ದೊಡ್ಡ ಸಂಗ್ರಹವುಳ್ಳ ಕಾರ್ಖಾನೆಗಳು ಆಪತ್ಕಾಲದ ಯೋಜನೆಯನ್ನು ಸಿದ್ಧಪಡಿಸಬೇಕೆಂದೂ, 1996ರ ನಿಯಮಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಆಪತ್ಕಾಲದ ಸಮಿತಿ ಇರಬೇಕೆಂದೂ ಹೇಳುತ್ತವೆ.

ಕೊರತೆ ಇರುವುದು ಬೇರೆಡೆಯಲ್ಲಿ. ಮೇಲ್ಕಂಡ ಸಿಲಿಂಡರು ನಿಯಮಗಳ ಪ್ರಕಾರ ಒಂದು ಕಾಲಕ್ಕೆ 100 ಕಿಲೋಗ್ರಾಮಿಗೆ ಮೀರದಷ್ಟು ಅನಿಲವನ್ನು ಇಟ್ಟುಕೊಳ್ಳುವವನಿಗೆ ಪರವಾನಗಿ ಬೇಕಾಗಿಲ್ಲ. ಹೋಟೆಲಿಗೆ ಬರುವ ಸಿಲಿಂಡರಿನಲ್ಲಿ 19 ಕಿಲೋಗ್ರಾಮು ಇರುತ್ತದೆ. ಐದು ಸಿಲಿಂಡರು ಎಂದರೆ 95. ಆದ್ದರಿಂದ ಐದರವರೆಗೆ ಕೇಳುವವರಿಲ್ಲ. ಗೃಹಸ್ಥನೊಬ್ಬನ ಮನೆಯ ಮಟ್ಟಿಗೆ ಈ ರಿಯಾಯಿತಿಯು ನ್ಯಾಯವಾದದ್ದೇ. ಆದರೆ ಬಸ್ಸು ನಿಲ್ದಾಣದ ಎದುರಿನಲ್ಲಿ ಒಂದೇ ಸೂರಿನ ಕೆಳಗೆ, ಒಂದು ಇಟ್ಟಿಗೆಯ ಗೋಡೆಯ ಅಂತರದಲ್ಲಿ ಮೂರು ಹೋಟೆಲುಗಳು ಇದ್ದರೆ ಏನಾಗುವುದು? ಒಬ್ಬೊಬ್ಬನ ಲೆಕ್ಕವೂ 95. ಮೂವರೂ ಕಾಯಿದೆಗೆ ವಿಧೇಯರು. ಸೂರಿನ ಕೆಳಗೆ ಇರುವುದು ಮಾತ್ರ 285. ಕಾಯಿದೆಯು ಯಜಮಾನರನ್ನು ಎಣಿಸುವುದು. ಬೆಂಕಿಯು ಯಜಮಾನರನ್ನು ಎಣಿಸುವುದಿಲ್ಲ, ದೂರವನ್ನು ಅಳೆಯುವುದು.

ಎರಡನೆಯ ಕೊರತೆ, ನೋಡುವವರದು. ಈ ನಿಯಮಗಳನ್ನು ನಡೆಯಿಸುವ ಕೇಂದ್ರ ಸಂಸ್ಥೆಯ ಮುಖ್ಯ ಕಛೇರಿಯು ನಾಗಪುರದಲ್ಲಿದೆ. ಅಲ್ಲಿನ ಅಧಿಕಾರಿಗಳು ತೈಲಾಗಾರ, ದೊಡ್ಡ ಟ್ಯಾಂಕುಗಳನ್ನು ನೋಡಬಲ್ಲರು. ಬೈರಮಂಗಲದ ವೃತ್ತದ ಬಳಿಯ ಚಹಾದಂಗಡಿಯನ್ನು ನೋಡಲು ಅವರು ಬರುವರೆಂದು ಯಾರೂ ನಿರೀಕ್ಷಿಸಲಾರರು, ನಿರೀಕ್ಷಿಸುವುದು ನ್ಯಾಯವೂ ಅಲ್ಲ. ದಿನಬೆಳಗಾದರೆ ಆ ಅಂಗಡಿಯ ಮುಂದೆ ಹಾದುಹೋಗುವ ಪಂಚಾಯತಿ ಕಾರ್ಯದರ್ಶಿಗೆ ಅದನ್ನು ಕೇಳಬೇಕೆಂಬ ಹೊಣೆಯಿಲ್ಲವೆಂಬ ಭಾವನೆ. ಹೊಣೆಯುಳ್ಳವರಿಗೆ ಕಾಣುವುದಿಲ್ಲ, ಕಾಣುವವರಿಗೆ ಹೊಣೆಯಿಲ್ಲ. ವಾಸ್ತವವಾಗಿ ತಪಾಸಣೆ ಮಾಡುವ ಅಧಿಕಾರವನ್ನು ಜಿಲ್ಲಾ ದಂಡಾಧಿಕಾರಿಗಳಿಗೂ ಪೊಲೀಸು ಅಧಿಕಾರಿಗಳಿಗೂ ಆ ನಿಯಮಗಳೇ ಕೊಟ್ಟಿವೆ. ಅಪಾಯಕರವಾದ ಕಸುಬುಗಳನ್ನು ಹತೋಟಿಯಲ್ಲಿಡುವ ಅಧಿಕಾರವು 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ಗ್ರಾಮ ಪಂಚಾಯತಿಗಳಿಗೂ ಇದೆ. ಆಯುಧವು ಮನೆಯಲ್ಲಿಯೇ ಇದೆ, ತುಕ್ಕು ಹಿಡಿಯುತ್ತಿದೆ.

ಬೈರಮಂಗಲದ ಸ್ಥಿತಿ

ಈ ಸೀಮೆಯ ಸ್ಥಿತಿಯನ್ನು ಇನ್ನಿಷ್ಟು ವಿವರವಾಗಿ ನೋಡೋಣ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಸಂಚರಿಸುವವರಿಗೆ ಬಿಡದಿ ಎಂದೊಡನೆ ನೆನಪಿಗೆ ಬರುವುದು ತಟ್ಟೆ ಇಡ್ಲಿ. ಆ ಇಡ್ಲಿಯ ಹಬೆಯು ಇಂದು ಏಳುವುದು ಹೆಚ್ಚಾಗಿ ಅನಿಲದ ಉರಿಯಿಂದ. ಭಾನುವಾರದ ಬೆಳಿಗ್ಗೆ ಒಂದು ಹೋಟೆಲಿನಲ್ಲಿ ನೂರಾರು ಮಂದಿ, ಹೆಂಗಸರು ಮಕ್ಕಳು ಸಹಿತ, ಅಡುಗೆಮನೆಯಿಂದ ಹತ್ತಾರು ಅಡಿ ದೂರದಲ್ಲಿ ಕುಳಿತು ಉಣ್ಣುವರು. ಕಲ್ಯಾಣಮಂಟಪಗಳಲ್ಲಿ ಲಗ್ನದ ಹಿಂದಿನ ರಾತ್ರಿ ಅಡುಗೆಯವರು ತಮ್ಮ ಸಿಲಿಂಡರುಗಳನ್ನು ತಾವೇ ತಂದು ಸಾಲಾಗಿ ನಿಲ್ಲಿಸುವರು. ಅವುಗಳ ಲೆಕ್ಕವು ಮಂಟಪದ ಯಜಮಾನನಿಗೂ ಇರುವುದಿಲ್ಲ. ಜಾತ್ರೆಯ ಬೀದಿಯಲ್ಲಿ ಬೋಂಡದ ಬಾಣಲೆಯ ಅಡಿಯಲ್ಲಿ ಸಿಲಿಂಡರು, ಅದರ ಪಕ್ಕದಲ್ಲಿ ಬಟ್ಟೆಯ ಗುಡಾರ. ಕಾರ್ಖಾನೆಯ ಕೂಲಿಗಾರರು ಕಿಕ್ಕಿರಿದು ವಾಸಿಸುವ ಬಾಡಿಗೆ ಕೋಣೆಗಳಲ್ಲಿ ಒಲೆ, ಹಾಸಿಗೆ, ಸಿಲಿಂಡರು ಒಂದೇ ಕಡೆ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೂ ಆಟೋರಿಕ್ಷಾಗಳಿಗೂ ಕಳ್ಳತನದಿಂದ ಅನಿಲವನ್ನು ತುಂಬುವ ಕಸುಬು ನಮ್ಮ ನಾಡಿನ ಯಾವ ಊರಿಗೂ ಹೊಸದಲ್ಲ.

ಇವೆಲ್ಲಕ್ಕಿಂತಲೂ ಗಮನಿಸತಕ್ಕದ್ದು ಶಾಲೆಗಳು. ಅಕ್ಷರ ದಾಸೋಹದ ಬಿಸಿಯೂಟವು ನಮ್ಮ ಸರ್ಕಾರದ ಸತ್ಕಾರ್ಯಗಳಲ್ಲಿ ಅಗ್ರಗಣ್ಯವಾದದ್ದು. ಆದರೆ ಅದರಿಂದ ಪ್ರತಿಯೊಂದು ಶಾಲೆಯ ಆವರಣಕ್ಕೂ ಅಡುಗೆಮನೆ ಬಂದಿದೆ, ಅಡುಗೆಮನೆಯೊಡನೆ ಸಿಲಿಂಡರೂ ಬಂದಿದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿಯು ಗರಿಯ ಚಾವಣಿಗೆ ಹತ್ತಿ 94 ಎಳೆಯ ಮಕ್ಕಳು ಸತ್ತದ್ದನ್ನು ದೇಶವು ಮರೆಯಲಾಗದು. ಅಲ್ಲಿ ಉರಿಯುತ್ತಿದ್ದದ್ದು ಅನಿಲವಲ್ಲ. ಆದರೂ ಪಾಠ ಒಂದೇ. ಒಲೆಯ ಮನೆಗೂ ಪಾಠದ ಮನೆಗೂ ನಡುವೆ ಅಂತರವಿರಬೇಕು, ಮಕ್ಕಳು ಓಡಿಬರುವ ಬಾಗಿಲು ಒಲೆಯ ಕಡೆಗೆ ತೆರೆಯಕೂಡದು.

ಹರಿದುಬರುವ ವಿಪತ್ತು ಎಂದರೇನೆಂಬುದನ್ನು ಬೈರಮಂಗಲದವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಬಸವನಗುಡಿಯ ಬಸವನ ಸನ್ನಿಧಿಯಲ್ಲಿ ಹುಟ್ಟಿದಳೆಂದು ಪ್ರತೀತಿಯುಳ್ಳ ವೃಷಭಾವತಿಯು ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತುಕೊಂಡು ಅವರ ಕೆರೆಗೆ ಬಂದು ಬೀಳುತ್ತಿದ್ದಾಳೆ. ಬೇಸಾಯಕ್ಕೆಂದು ಕಟ್ಟಿದ ಕೆರೆಯು ನೊರೆಯ ಕೆರೆಯಾಯಿತು. ಇದನ್ನು ಯಾರೊಬ್ಬರೂ ಬೇಕೆಂದು ಮಾಡಲಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಸ್ವಲ್ಪವನ್ನು ಬಿಟ್ಟನು, ಎಲ್ಲರ ಸ್ವಲ್ಪವೂ ಕೂಡಿ ಒಂದು ಊರಿನ ಬದುಕನ್ನು ಕೆಡಿಸಿತು. ಕೊಳಚೆಯಾದರೆ ನಿಧಾನವಾಗಿ ಕೊಲ್ಲುವುದು, ಪ್ರತಿಭಟಿಸುವುದಕ್ಕೆ ವರುಷಗಳ ಕಾಲಾವಕಾಶವಾದರೂ ಉಂಟು. ಅನಿಲವು ಅಷ್ಟು ಕಾಲವನ್ನು ಕೊಡುವುದಿಲ್ಲ.

ಮಾಡತಕ್ಕದ್ದೇನು

ನಮ್ಮ ಸೂಚನೆಗಳು ಇವು. ಮೊದಲನೆಯದಾಗಿ, ಜನರು ನೆರೆಯುವ ಸ್ಥಳಗಳ ಸಮೀಪದಲ್ಲಿ ಅನಿಲದ ಮಿತಿಯನ್ನು ಯಜಮಾನನಿಗೆ ಇಷ್ಟೆಂದು ಗೊತ್ತುಮಾಡದೆ ಸ್ಥಳಕ್ಕೆ ಇಷ್ಟೆಂದು ಗೊತ್ತುಮಾಡಬೇಕು. ಒಂದೇ ಸೂರಿನ ಅಥವಾ ಒಂದಕ್ಕೊಂದು ಅಂಟಿದ ಅಂಗಡಿಗಳ ಒಟ್ಟು ದಾಸ್ತಾನು 100 ಕಿಲೋಗ್ರಾಮನ್ನು ಮೀರಿದರೆ, ಒಬ್ಬೊಬ್ಬನದು ಎಷ್ಟೇ ಇರಲಿ, ಪರವಾನಗಿಯೂ ತಪಾಸಣೆಯೂ ಇರಬೇಕು.

ಎರಡನೆಯದಾಗಿ, ಹೋಟೆಲು, ಮಂಟಪ, ಶಾಲೆ, ವಿದ್ಯಾರ್ಥಿನಿಲಯಗಳಲ್ಲಿ ಸಿಲಿಂಡರು ಕಟ್ಟಡದ ಹೊರಗೆ, ನೆಲಮಟ್ಟದಲ್ಲಿ, ಗಾಳಿಯಾಡುವ ಕಬ್ಬಿಣದ ಬಲೆಯ ಪಂಜರದೊಳಗೆ ಇರಬೇಕು. ಒಲೆಗೆ ಅಲ್ಲಿಂದ ಲೋಹದ ಕೊಳವೆಯಲ್ಲಿ ಅನಿಲ ಬರಬೇಕು. ಪಂಜರದ ಬಳಿಯಲ್ಲಿ ತೆರೆದ ಚರಂಡಿಯಾಗಲಿ, ಬಾವಿಯಾಗಲಿ, ನೆಲಮಾಳಿಗೆಯ ಕಿಂಡಿಯಾಗಲಿ ಇರಕೂಡದು. ಅನಿಲವು ತಗ್ಗಿಗೆ ಹರಿಯುವುದೆಂದು ನಾವು ಮೇಲೆ ಹೇಳಿದ್ದು ಇದಕ್ಕಾಗಿಯೇ. ಜನರು ಮಲಗುವ ಕೋಣೆಯಲ್ಲಿ, ಮೆಟ್ಟಿಲಿನ ಕೆಳಗೆ, ಹೊರಬಾಗಿಲಿನ ದಾರಿಯಲ್ಲಿ ಯಾವ ಕಾರಣಕ್ಕೂ ಸಿಲಿಂಡರು ಇರತಕ್ಕದ್ದಲ್ಲ.

ಮೂರನೆಯದಾಗಿ, ಬಿಡದಿಯ ಪುರಸಭೆಯೂ ಬೈರಮಂಗಲ ಮತ್ತು ನೆರೆಯ ಪಂಚಾಯತಿಗಳೂ ಒಂದು ದಫ್ತರವನ್ನು ಇಟ್ಟು, ಯಾವ ಸ್ಥಳದಲ್ಲಿ ಎಷ್ಟು ಅನಿಲವಿದೆಯೆಂಬುದನ್ನು ಬರೆದು, ಅದರ ಪಟ್ಟಿಯನ್ನು ಕಛೇರಿಯ ಗೋಡೆಗೆ ಅಂಟಿಸಬೇಕು; ಒಂದು ಪ್ರತಿಯು ಅಗ್ನಿಶಾಮಕ ಠಾಣೆಯಲ್ಲಿ ಇರಬೇಕು. 1973ರ ಜುಲೈ 5ರಂದು ಅಮೆರಿಕದ ಕಿಂಗ್‌ಮನ್ ಎಂಬಲ್ಲಿ ಪ್ರೊಪೇನ್ ತುಂಬಿದ ರೈಲು ಟ್ಯಾಂಕು ಉರಿಯಲ್ಲಿ ಕಾದು ಸಿಡಿದಾಗ, ಆರಿಸಲು ಹೋದ 11 ಮಂದಿ ಅಗ್ನಿಶಾಮಕರು ಪ್ರಾಣ ಬಿಟ್ಟರು. ಹೊರಗಿನ ಬೆಂಕಿಯಿಂದ ಒಳಗಿನ ದ್ರವವು ಕುದಿದು, ಉಕ್ಕು ಮೆತ್ತಗಾಗಿ, ಪಾತ್ರೆಯೇ ಹರಿದುಹೋಗುವುದು ಈ ಅನಿಲದ ಘೋರವಾದ ಗುಣ. ಗೋಡೆಯ ಹಿಂದೆ ಎಷ್ಟು ಸಿಲಿಂಡರುಗಳಿವೆಯೆಂದು ತಿಳಿಯದೆ ನಮ್ಮ ಅಗ್ನಿಶಾಮಕರನ್ನು ಬೆಂಕಿಯ ಬಾಯಿಗೆ ಕಳುಹಿಸುವುದು ಅವರಿಗೆ ಮಾಡುವ ದ್ರೋಹವಾಗುವುದು.

ನಾಲ್ಕನೆಯದಾಗಿ, ವರುಷಕ್ಕೆ ಎರಡು ಬಾರಿ, ಶಾಲೆಗಳು ತೆರೆಯುವ ಮುನ್ನ ಮೇ ತಿಂಗಳಿನಲ್ಲಿ ಒಮ್ಮೆ, ಜಾತ್ರೆ ಲಗ್ನಗಳ ಕಾಲ ಬರುವ ಮುನ್ನ ಒಮ್ಮೆ, ಅಗ್ನಿಶಾಮಕ ದಳ, ಆಹಾರ ಇಲಾಖೆ ಮತ್ತು ಪಂಚಾಯತಿಯವರು ಕೂಡಿ ತಪಾಸಣೆ ಮಾಡಬೇಕು. ಆ ತಪಾಸಣೆಯು ಸರ್ಕಾರದ ಶಾಲೆ, ಅಂಗನವಾಡಿ, ವಿದ್ಯಾರ್ಥಿನಿಲಯಗಳಿಂದಲೇ ಮೊದಲಾಗಬೇಕು. ತನ್ನ ಒಲೆಯನ್ನು ತಾನು ಸರಿಪಡಿಸಿಕೊಳ್ಳದ ಸರ್ಕಾರವು ಬಡ ಹೋಟೆಲಿನವನಿಗೆ ದಂಡ ಹಾಕಿದರೆ ಜನರು ಅದನ್ನು ನ್ಯಾಯವೆನ್ನಲಾರರು.

ಕೊನೆಯದಾಗಿ, ಹೊಸ ನಗರದ ನಕ್ಷೆ ಎಂದು ಸಿದ್ಧವಾಗುವುದೋ ಅಂದು ಅನಿಲದ ಉಗ್ರಾಣಗಳಿಗೂ ವಾಹನಗಳಿಗೆ ಅನಿಲ ತುಂಬುವ ಠಾಣೆಗಳಿಗೂ ಸ್ಥಳವನ್ನು ಮೊದಲೇ ಗುರುತುಮಾಡಿ, ಅವುಗಳ ಸುತ್ತಣ ಬಯಲನ್ನು ಎಂದೆಂದಿಗೂ ಬಯಲಾಗಿಯೇ ಉಳಿಸುವಂತೆ ನಕ್ಷೆಯಲ್ಲಿಯೇ ಬರೆಯಬೇಕು. ಆ ಬಯಲನ್ನು ಮುಂದೆ ನಿವೇಶನಗಳಾಗಿ ಹಂಚುವ ಅಧಿಕಾರವು ಯಾವ ಮಂತ್ರಿಗೂ ಯಾವ ಪ್ರಾಧಿಕಾರಕ್ಕೂ ಇರಕೂಡದು. ಮೆಕ್ಸಿಕೋದಲ್ಲಿ ಐನೂರು ಮಂದಿ ಸತ್ತದ್ದು ಇಂತಹ ಒಂದು ಗೆರೆ ಇಲ್ಲದಿದ್ದುದರಿಂದಲೇ.

ಇದಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾವು ಬಲ್ಲೆವು. ಚಿಕ್ಕ ಹೋಟೆಲಿನವನು ಈ ಖರ್ಚನ್ನು ತಾಳಲಾರನು ಎನ್ನುವರು. ಪಂಜರ, ಕೊಳವೆಗಳ ಖರ್ಚು ಅವನಿಗೆ ಭಾರವೆಂಬುದು ನಿಜ. ಅದಕ್ಕಾಗಿ ಒಂದು ವರುಷದ ಗಡುವು ಕೊಡಲಿ, ಸಹಕಾರ ಸಂಘಗಳಿಂದ ಸುಲಭ ಬಡ್ಡಿಯ ಸಾಲ ಕೊಡಿಸಲಿ, ಪರವಾನಗಿಗೆ ಶುಲ್ಕವನ್ನು ತೆಗೆದುಕೊಳ್ಳದಿರಲಿ. ಆದರೆ ಅವನ ಬಡತನವನ್ನು ಮುಂದೆ ಮಾಡಿ ಅವನ ಗಿರಾಕಿಗಳ ಪ್ರಾಣವನ್ನು ಪಣಕ್ಕೆ ಒಡ್ಡಲಾಗದು. ಬೆಂಕಿ ಬಿದ್ದರೆ ಮೊದಲು ಹೋಗುವುದು ಅವನ ಪ್ರಾಣವೇ. ಇನ್ನು ಕೆಲವರು, ನಿಯಮ ಹೆಚ್ಚಿದಷ್ಟೂ ಲಂಚ ಹೆಚ್ಚುವುದು ಎನ್ನುವರು. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಬೇಕೆಂದು ಹೇಳಿದ್ದು ಅದಕ್ಕಾಗಿಯೇ. ಯಾವ ಅಂಗಡಿಯನ್ನು ಯಾವ ದಿನ ಯಾರು ನೋಡಿದರು, ಏನು ಬರೆದರು ಎಂಬುದನ್ನು ಊರಿನ ಜನರೆಲ್ಲ ಓದುವಂತಿದ್ದರೆ ಗುಟ್ಟಿನ ವ್ಯವಹಾರಕ್ಕೆ ಎಡೆ ಕಡಿಮೆ.

ಜನರ ಹೊಣೆಯೂ ಸ್ವಲ್ಪ ಉಂಟು. ಸಿಲಿಂಡರಿನ ಮೇಲುಭಾಗದ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದೂ ವರುಷದ ಅಂಕೆಯೂ ಇರುತ್ತವೆ. ಎ ಎಂದರೆ ಮಾರ್ಚಿ, ಬಿ ಎಂದರೆ ಜೂನ್, ಸಿ ಎಂದರೆ ಸೆಪ್ಟೆಂಬರ್, ಡಿ ಎಂದರೆ ಡಿಸೆಂಬರ್ ಅಂತ್ಯ. ಆ ವಾಯಿದೆಯೊಳಗೆ ಸಿಲಿಂಡರನ್ನು ಮರುಪರೀಕ್ಷೆ ಮಾಡಿರಬೇಕು. ವಾಯಿದೆ ದಾಟಿದ್ದನ್ನು ತೆಗೆದುಕೊಳ್ಳದಿರುವ ಹಕ್ಕು ಪ್ರತಿಯೊಬ್ಬ ಗೃಹಿಣಿಗೂ ಇದೆ. ವಾಸನೆ ಬಂದೊಡನೆ ದೀಪದ ಗುಂಡಿಯನ್ನು ಮುಟ್ಟದೆ, ಬೆಂಕಿಕಡ್ಡಿ ಗೀರದೆ, ಬಾಗಿಲು ಕಿಟಕಿಗಳನ್ನು ತೆರೆದು, ಸಿಲಿಂಡರಿನ ತಿರುಪನ್ನು ಮುಚ್ಚಿ ಹೊರಗೆ ಬರಬೇಕು. 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಇಷ್ಟನ್ನು ಪ್ರತಿಯೊಂದು ಶಾಲೆಯಲ್ಲಿ ಉಪಾಧ್ಯಾಯರು ಒಂದು ಗಂಟೆಯ ಪಾಠವಾಗಿ ಹೇಳಿದರೆ, ಮಕ್ಕಳು ಅದನ್ನು ಮನೆಗೆ ಒಯ್ಯುವರು.

ಪರರಾಳ್ವಿಕೆಯ ಕಾಲದಲ್ಲಿ ಸಿಡಿಯುವ ವಸ್ತುಗಳ ಕಾಯಿದೆ ಎಂದರೆ ಜನರಿಗೆ ಭಯವೇ ಹೊರತು ವಿಶ್ವಾಸವಿರಲಿಲ್ಲ. 1908ರಲ್ಲಿ ಮುಜಫರಪುರದ ಬಾಂಬಿನ ಬೆನ್ನಿಗೇ ಸರ್ಕಾರವು ತಂದ ಕಾಯಿದೆಯ ಕಣ್ಣು ದೇಶಭಕ್ತರ ಮೇಲೆ ಇತ್ತು, ಬಡವನ ಕ್ಷೇಮದ ಮೇಲೆ ಇರಲಿಲ್ಲ. ಇಂದಿನ ಕಾಯಿದೆ ನಮ್ಮದು, ನಡೆಯಿಸುವವರು ನಮ್ಮವರು, ಕಾಪಾಡಬೇಕಾದ ಪ್ರಾಣವೂ ನಮ್ಮವರದೇ. ಪ್ರತಿಯೊಂದಕ್ಕೂ ದಿಲ್ಲಿಯ ಕಡೆಗೂ ನಾಗಪುರದ ಕಡೆಗೂ ಮುಖಮಾಡಿ ಕುಳಿತಿರುವುದು ಸ್ವರಾಜ್ಯವನ್ನು ಪಡೆದ ಜನರ ಲಕ್ಷಣವಲ್ಲ. ಗ್ರಾಮಸ್ವರಾಜ್ಯವೆಂದು ಅಧಿನಿಯಮದ ಹೆಸರಿನಲ್ಲಿಯೇ ಬರೆದುಕೊಂಡಿರುವ ನಾವು, ನಮ್ಮ ಬೀದಿಯ ಸಿಲಿಂಡರುಗಳನ್ನಾದರೂ ನಾವೇ ಎಣಿಸಿಕೊಳ್ಳುವುದು ಬೇಡವೇ?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಪ್ರತಿಯೊಂದು ದುರಂತದ ತರುವಾಯ ಪರಿಹಾರದ ಹಣ, ವಿಚಾರಣೆಯ ಆಜ್ಞೆ, ನಾಲ್ಕು ದಿನಗಳ ದಾಳಿ, ಆಮೇಲೆ ಮರೆವು, ಇದು ನಮ್ಮಲ್ಲಿ ರೂಢಿಯಾಗಿ ಹೋಗಿದೆ. ಬೈರಮಂಗಲದಲ್ಲಿ ಇನ್ನೂ ಬಾವಿ ತೋಡುವುದಕ್ಕೆ ಕಾಲವಿದೆ, ಸ್ಥಳವೂ ಇದೆ. ಜಿಲ್ಲಾಧಿಕಾರಿಗಳು ಬಿಡದಿ ಹೋಬಳಿಯ ಮಟ್ಟಿಗಾದರೂ ಅನಿಲದ ದಾಸ್ತಾನಿನ ಗಣತಿಯನ್ನು ಬರುವ ಶಾಲಾವರ್ಷಕ್ಕೆ ಮುಂಚೆ ಮಾಡಿಸಿ, ಅದನ್ನು ಪ್ರಕಟಿಸಬೇಕೆಂದು ನಾವು ವಿಜ್ಞಾಪಿಸಿಕೊಳ್ಳುತ್ತೇವೆ. ಪಂಚಾಯತಿಯ ಸದಸ್ಯರು ಜಿಲ್ಲಾಧಿಕಾರಿಗಳ ಆಜ್ಞೆಗಾಗಿ ಕಾಯದೆ, ಮುಂದಿನ ಗ್ರಾಮಸಭೆಯಲ್ಲಿಯೇ ಈ ವಿಷಯವನ್ನು ಎತ್ತಿ, ತಮ್ಮ ಊರಿನ ಶಾಲೆಯ ಅಡುಗೆಮನೆಯಿಂದ ಕೆಲಸವನ್ನು ಪ್ರಾರಂಭಿಸಲಿ.